14 ಜಾಗ ಖಾಲಿ, ದುಡ್ಡಿರೋದು 6 ಜನಕ್ಕೆ: ಯಾವುದು ಮೊದಲು?

ಎರಡನೇ_ಹಂತ

ಪೀಣ್ಯ ಎರಡನೇ ಹಂತ, ಜಾಬ್‌ವರ್ಕ್ ಶಾಪ್, ಅಂದ್ರೆ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡೋದು. 9 ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಡೆಸೋ ಲೇತ್), 6 ವಿಎಂಸಿ (ಕಂಪ್ಯೂಟರ್ ನಡೆಸೋ ಮಿಲ್ಲಿಂಗ್ ಮಷಿನ್), ಒಂದು ಸಿಎಂಎಂ (ಪೀಸಿನ ಅಳತೆ ನೋಡೋ ಮಷಿನ್). 68 ಜನ, ಎರಡು ಶಿಫ್ಟ್. ಈಗ ಖಾಲಿ ಇರೋದು: ಆಪರೇಟರ್ 5, ಸೆಟ್ಟರ್ (ಪ್ರತಿ ಜಾಬಿಗೆ ಮಷಿನ್ ಸಿದ್ಧ ಮಾಡೋನು) 2, ಕ್ವಾಲಿಟಿ ಇನ್‌ಸ್ಪೆಕ್ಟರ್ 2, ಪ್ಲಾನಿಂಗ್ 1, ಪರ್ಚೇಸ್ 1, ಮೇಂಟೆನೆನ್ಸ್ ಎಲೆಕ್ಟ್ರಿಷಿಯನ್ 1, ಮಾರ್ಕೆಟಿಂಗ್ ಇಂಜಿನಿಯರ್ 1, ಸ್ಟೋರ್ಸ್ ಹೆಲ್ಪರ್ 1. ಮಾಲೀಕರು ಈ ಮೂರು ತಿಂಗಳಿಗೆ ಒಪ್ಪಿರೋದು 6 ಜನದ ದುಡ್ಡಿಗೆ.

ಪ್ರತಿ ವಿಭಾಗದಿಂದ ಪಟ್ಟಿ ತರಿಸಿದೆ. ಹದಿನಾಲ್ಕರ ಮುಂದೂ ‘ಅರ್ಜೆಂಟ್’ ಅಂತಲೇ ಬರೆದಿದ್ದಾರೆ. ಎಷ್ಟು ಜೋರಾಗಿ ಕೂಗ್ತಾರೆ ಅನ್ನೋದು ಬಿಟ್ಟು ಬೇರೆ ಯಾವ ಅಳತೆಯಿಂದ ಆದ್ಯತೆ ಹಾಕ್ತೀರಿ?

ಸ್ಪಿಂಡಲ್_ರಾವ್

‘ಅರ್ಜೆಂಟ್’ ಕಾಲಂ ತೆಗೆದುಬಿಡಿ. ಅದರ ಜಾಗದಲ್ಲಿ ಒಂದೇ ಪ್ರಶ್ನೆ ಇಡಿ: ಈ ಜಾಗ ಇನ್ನೂ 30 ದಿನ ಖಾಲಿ ಬಿದ್ದರೆ ಯಾವ ಮಷಿನ್ ಎಷ್ಟು ಗಂಟೆ ನಿಲ್ಲುತ್ತೆ? ಉತ್ತರ ಗಂಟೆಯಲ್ಲಿ ಬರಬೇಕು. ‘ತುಂಬಾ ತೊಂದರೆ ಆಗುತ್ತೆ ಸರ್’ ಅಂದರೆ ವಾಪಸ್ ಕಳಿಸಿ.

ಆ ಗಂಟೆ ಯಾರಿಗೂ ಬಾಯಲ್ಲಿ ಗೊತ್ತಿರಲ್ಲ, ಬರೆಸಬೇಕು. ಪ್ರತಿ ಮಷಿನ್‌ಗೆ ಒಂದು ಹಾಳೆ ಕ್ಲಿಪ್ ಹಾಕಿ ನೇತುಹಾಕಿ. 15 ನಿಮಿಷಕ್ಕಿಂತ ಜಾಸ್ತಿ ನಿಂತರೆ ನಿಂತ ಟೈಮು, ಹೊರಟ ಟೈಮು, ಕಾರಣಕ್ಕೆ ಒಂದು ಅಕ್ಷರ. ಸೆ = ಸೆಟ್ಟರ್‌ಗೆ ಕಾಯ್ತಾ ಇದೆ, ಫ = ಫಸ್ಟ್ ಪೀಸ್ ಅಪ್ರೂವಲ್‌ಗೆ (ಸೆಟ್ಟಿಂಗ್ ಆದ ಮೇಲೆ ಬಂದ ಮೊದಲ ಪೀಸಿಗೆ ಕ್ವಾಲಿಟಿಯವರ ಸಹಿ), ಆ = ಆಪರೇಟರ್ ಇಲ್ಲ, ಮ = ಮೆಟೀರಿಯಲ್ ಅಥವಾ ಟೂಲ್ ಇಲ್ಲ, ಬ = ಬ್ರೇಕ್‌ಡೌನ್. ಐದೇ ಸಾಕು. ಹನ್ನೆರಡು ಕಾರಣ ಕೊಟ್ಟರೆ ಎಲ್ಲರೂ ಮೊದಲನೇದನ್ನೇ ಟಿಕ್ ಮಾಡ್ತಾರೆ. 12 ಕೆಲಸದ ದಿನ ಬರೆಸಿ, ಮಧ್ಯೆ ಸಂಬಳದ ದಿನ ಒಂದು ಬರೋ ಹಾಗೆ ನೋಡಿಕೊಳ್ಳಿ. ಸಂಬಳದ ಮಾರನೇ ದಿನದ ಹಾಜರಿ ಬೇರೆಯೇ ಇರುತ್ತೆ.

ಎಲ್ಲಿ ಕೆಡುತ್ತೆ ಅಂದ್ರೆ, ಆ ಹಾಳೆ ಹಿಡಿದು ಯಾರನ್ನಾದರೂ ಬೈದರೆ ಮಾರನೇ ದಿನದಿಂದ ಎಲ್ಲಾ ಕಡೆ ‘ಮ’ ಅಂತ ಬರುತ್ತೆ. ಮೆಟೀರಿಯಲ್‌ಗೆ ಬಾಯಿಲ್ಲ, ಅದು ಜಗಳ ಆಡಲ್ಲ.

ಆಮೇಲೆ ದುಡ್ಡಿಗೆ ಪರಿವರ್ತಿಸಿ. ವಿಎಂಸಿ ಗಂಟೆಗೆ 500 ರೂಪಾಯಿ ಅಂತ ಇಟ್ಟುಕೊಂಡರೆ, ನಿಂತಾಗ ಉಳಿಯೋ ಕರೆಂಟು, ಇನ್ಸರ್ಟ್ (ಟೂಲ್ ತುದಿಯ ಕತ್ತರಿಸೋ ಚೂರು) ಖರ್ಚು ಕಳೆದು 400 ಹಿಡಿಯಿರಿ. ನಿಮ್ಮ ರೇಟು ನಿಮಗೆ ಗೊತ್ತು. ಒಂದು ಷರತ್ತು: ಆ ಮಷಿನ್‌ಗೆ ಆರ್ಡರ್ ಕಾಯ್ತಾ ಇದ್ದರೆ ಮಾತ್ರ ಅದು ನಷ್ಟ. ಕೆಲಸವೇ ಇಲ್ಲದ ಮಷಿನ್ ನಿಂತ ಗಂಟೆ ಲೆಕ್ಕಕ್ಕೆ ಬೇಡ.

ಹೊಸಬ_ಎಚ್‌ಆರ್

ಸರ್, 14ರಲ್ಲಿ 5 ಆಪರೇಟರ್‌ಗಳೇ ಅಲ್ವಾ? ಮೊದಲು ಅದನ್ನ ತುಂಬಿದರೆ ಮೂರನೇ ಒಂದು ಭಾಗ ಮುಗೀತು. ಸುಲಭವಾಗಿ ಸಿಗೋದೂ ಅವರೇ.

ಸ್ಪಿಂಡಲ್_ರಾವ್

ಸುಲಭವಾಗಿ ಸಿಗ್ತಾರೆ ಅನ್ನೋದೇ ಎಲ್ಲರೂ ಬೀಳೋ ಗುಂಡಿ. ಎಚ್‌ಆರ್‌ಗೆ ‘ತಿಂಗಳಿಗೆ ಎಷ್ಟು ಜಾಗ ತುಂಬಿದೆ’ ಅಂತ ಮಾರ್ಕ್ಸ್ ಹಾಕಿದರೆ ಸುಲಭದ ಜಾಗ ತುಂಬುತ್ತೆ, ಕಷ್ಟದ ಜಾಗ ಹಾಗೇ ಉಳಿಯುತ್ತೆ. ಒಬ್ಬ ಸೆಟ್ಟರ್ ಇಲ್ಲದಿದ್ದರೆ ಮೂರು ಮಷಿನ್ ಕಾಯುತ್ತೆ. ಒಬ್ಬ ಆಪರೇಟರ್ ಇಲ್ಲದಿದ್ದರೆ ಒಂದು, ಕೆಲವು ಸಲ ಒಂದೂ ಇಲ್ಲ.

ಆ 5 ನಿಜವಾಗಿ 5 ಹೌದಾ ಅನ್ನೋದನ್ನೂ ನೋಡಿ. ಸೈಕಲ್ ಟೈಮ್ (ಒಂದು ಪೀಸಿಗೆ ಮಷಿನ್ ಓಡೋ ಸಮಯ) 6 ನಿಮಿಷ, ಬಿಚ್ಚಿ ಹಾಕೋಕೆ 1 ನಿಮಿಷ, ಅಳತೆ ನೋಡೋಕೆ ಅರ್ಧ ನಿಮಿಷ ಇದ್ದರೆ ಒಬ್ಬನೇ ಎರಡು ಮಷಿನ್ ಆರಾಮಾಗಿ ನಡೆಸ್ತಾನೆ. ಮೂರನೇದು ಕೊಟ್ಟರೆ ಅಳತೆ ನೋಡೋದನ್ನ ಬಿಡ್ತಾನೆ, ಅದು ರಿಜೆಕ್ಷನ್ ಆಗಿ ವಾಪಸ್ ಬರುತ್ತೆ. 45 ಸೆಕೆಂಡ್ ಸೈಕಲ್ಲಿನ ಬುಷ್ ಓಡ್ತಾ ಇದ್ದರೆ ಒಂದು ಮಷಿನ್‌ಗೆ ಒಬ್ಬ ಬೇಕೇ ಬೇಕು. ಅಂದ್ರೆ ಆಪರೇಟರ್ ಸಂಖ್ಯೆ ನಿಂತಿರೋದು ಮಷಿನ್ ಲೆಕ್ಕದ ಮೇಲಲ್ಲ, ಜಾಬ್ ಮೇಲೆ. ಇನ್ನೊಂದು: ಎರಡು ಮಷಿನ್ ಎದುರುಬದುರು ಇರಬೇಕು. ಸಾಲಾಗಿ ನಿಲ್ಲಿಸಿದ್ದರೆ ಓಡಾಡೋದರಲ್ಲೇ ಅವನ ಶಿಫ್ಟ್ ಮುಗಿಯುತ್ತೆ.

ಎರಡನೇ_ಹಂತ

ಹಾಳೆ ನೇತುಹಾಕಿ 12 ದಿನ ಆಯ್ತು. 15 ಮಷಿನ್, ಎರಡು ಶಿಫ್ಟ್, ಶಿಫ್ಟ್‌ಗೆ 7.5 ಗಂಟೆ, ಒಟ್ಟು 2,700 ಗಂಟೆ. ನಿಂತಿದ್ದು 612.

ಸೆ 214
ಫ 131
ಆ 118
ಮ 97
ಬ 52

ಆಪರೇಟರ್ ಕೊರತೆ ಮೂರನೇ ಸ್ಥಾನದಲ್ಲಿದೆ. ಫಸ್ಟ್ ಪೀಸ್‌ಗೆ ಇಷ್ಟೊಂದು ಹೋಗ್ತಿದೆ ಅಂತ ಪಟ್ಟಿ ಕೊಟ್ಟವರು ಯಾರೂ ಹೇಳಿರಲಿಲ್ಲ.

ಪ್ಲಗ್‌ಗೇಜ್

‘ಫ’ ಬಿಚ್ಚಿ ನೋಡಿ, ಶಿಫ್ಟ್‌ವಾರು. ಎರಡನೇ ಶಿಫ್ಟ್‌ನಲ್ಲಿ ಇನ್‌ಸ್ಪೆಕ್ಟರ್ ಇದ್ದಾರಾ? ಬಹಳ ಕಡೆ ಇನ್‌ಸ್ಪೆಕ್ಟರ್‌ಗಳೆಲ್ಲ ಒಂಬತ್ತರಿಂದ ಆರು ‘ಜನರಲ್’. ರಾತ್ರಿ ಎಂಟಕ್ಕೆ ಸೆಟ್ಟಿಂಗ್ ಮುಗಿದರೆ ಪೀಸು ಟೇಬಲ್ ಮೇಲೆ ಕೂತು ಬೆಳಗಿನವರೆಗೂ ಕಾಯುತ್ತೆ. ಆಗ ಅದು ಸಂಖ್ಯೆಯ ಕೊರತೆ ಅಲ್ಲ, ಶಿಫ್ಟ್ ಹಂಚಿಕೆ ತಪ್ಪಿರೋದು. ಎರಡು ಜಾಗದ ಬದಲು ಒಬ್ಬರನ್ನ ತಗೊಂಡು ಎರಡನೇ ಶಿಫ್ಟ್‌ಗೆ ಹಾಕಿದರೆ ಸಾಕಾಗಬಹುದು.

ರಿಜಿಸ್ಟರ್‌ನಲ್ಲಿ ಮೂರು ಟೈಮು ಬರೀರಿ: ಸೆಟ್ಟಿಂಗ್ ಮುಗಿದಿದ್ದು, ಪೀಸು ಟೇಬಲ್‌ಗೆ ಬಂದಿದ್ದು, ಸಹಿ ಆಗಿದ್ದು. ಮೊದಲ ಎರಡರ ನಡುವೆ ಅಂತರ ಇದ್ದರೆ ಸೆಟ್ಟರ್ ಟೀಗೆ ಹೋಗಿದ್ದ. ಕೊನೆ ಎರಡರ ನಡುವೆ ಇದ್ದರೆ ಕ್ವಾಲಿಟಿಯಲ್ಲಿ ಕ್ಯೂ ಇತ್ತು. ಎಲ್ಲಾ ಜಾಬ್‌ನ ಫಸ್ಟ್ ಪೀಸನ್ನೂ ಸಿಎಂಎಂಗೇ ಹಾಕ್ತಾ ಇದ್ದರೆ ಆ ಕ್ಯೂ ಎಂದೂ ಕರಗಲ್ಲ. ರಿಪೀಟ್ ಜಾಬ್‌ಗೆ ಪ್ಲಗ್ ಗೇಜ್, ಹೈಟ್ ಗೇಜ್, ಬೋರ್ ಡಯಲ್ ಇಂಥ ಕೈ ಅಳತೆಯ ಸಾಧನ ಸಾಕು. ಪೊಸಿಷನ್ (ರಂಧ್ರ ಇರೋ ಜಾಗ), ಪ್ರೊಫೈಲ್ (ಆಕಾರ) ಟಾಲರೆನ್ಸ್ ಇರೋದನ್ನ ಮಾತ್ರ ಸಿಎಂಎಂಗೆ ಬಿಡಿ.

ಎರಡನೇ_ಹಂತ

131ರಲ್ಲಿ 109 ಎರಡನೇ ಶಿಫ್ಟ್‌ದೇ. ನೀವು ಹೇಳಿದ ಹಾಗೆ, ಆರು ಗಂಟೆ ಆದಮೇಲೆ ಸಹಿ ಹಾಕೋರೇ ಇಲ್ಲ.

ಸ್ಪಿಂಡಲ್_ರಾವ್

ಈಗ ‘ಸೆ’ ಕೂಡ ಹೀಗೇ ಬಿಚ್ಚಿ. 12 ದಿನದಲ್ಲಿ ಒಟ್ಟು ಎಷ್ಟು ಸೆಟ್ಟಿಂಗ್ ಆಯ್ತು? ಅದರಲ್ಲಿ ಓಡ್ತಾ ಇದ್ದ ಜಾಬನ್ನ ಅರ್ಧಕ್ಕೆ ಇಳಿಸಿ, ‘ಕಸ್ಟಮರ್ ಫೋನ್ ಬಂತು’ ಅಂತ ಬೇರೆ ಹತ್ತಿಸಿದ್ದು ಎಷ್ಟು?

ಎರಡನೇ_ಹಂತ

148 ಸೆಟ್ಟಿಂಗ್. ಅರ್ಧಕ್ಕೆ ಇಳಿಸಿದ್ದು 61 ಸಲ. ಎಣಿಸಿದ ಮೇಲೆ ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಮಾತೇ ಆಡಲಿಲ್ಲ.

ಸ್ಪಿಂಡಲ್_ರಾವ್

ಅಲ್ಲಿದೆ ನೋಡಿ. ನಿಮಗೆ ಇಬ್ಬರು ಸೆಟ್ಟರ್ ಕಡಿಮೆ ಇಲ್ಲ. ಒಬ್ಬ ಸೆಟ್ಟರ್ ಕಡಿಮೆ, ಇನ್ನೊಬ್ಬ ಪ್ಲಾನಿಂಗ್‌ನವನು ಕಡಿಮೆ. ಅರ್ಧಕ್ಕೆ ಇಳಿಸಿದ ಜಾಬಿಗೆ ಮತ್ತೆ ಸೆಟ್ಟಿಂಗ್ ಬೇಕು, ಅಂದ್ರೆ ಒಂದು ಜಾಬಿಗೆ ಎರಡು ಸಲ ಕೂಲಿ. ಒಂದೇ ಸಾಫ್ಟ್ ಜಾ (ಜಾಬ್ ಹಿಡಿಯೋ ಚಕ್‌ನ ಮೆತ್ತನೆ ದವಡೆ), ಒಂದೇ ಬಾರ್ ಡಯಾ (ಸರಳಿನ ವ್ಯಾಸ) ಬೇಡೋ ಜಾಬ್‌ಗಳನ್ನ ಬೆನ್ನಿಗೆ ಬೆನ್ನು ಜೋಡಿಸಿದರೆ ಸೆಟ್ಟಿಂಗ್ ಎರಡೂವರೆ ಗಂಟೆಯಿಂದ ನಲವತ್ತು ನಿಮಿಷಕ್ಕೆ ಬರುತ್ತೆ, ಯಾಕಂದ್ರೆ ಬದಲಾಗೋದು ಆಫ್‌ಸೆಟ್ (ಮಷಿನ್‌ಗೆ ಕೊಡೋ ಅಳತೆ ತಿದ್ದುಪಡಿ) ಮತ್ತೆ ಒಂದೆರಡು ಟೂಲ್ ಅಷ್ಟೇ. ಆಫೀಸಿನ ಜಾಗ ಅಂತ ಪ್ಲಾನಿಂಗನ್ನ ಪಟ್ಟಿಯ ಕೆಳಗೆ ತಳ್ಳಿರ್ತೀರಿ, ಆದರೆ ಅದರ ನಷ್ಟ ಸೆಟ್ಟರ್ ಖಾತೆಯಲ್ಲಿ ಬೀಳ್ತಾ ಇರುತ್ತೆ.

ಇದಕ್ಕೆ ಹೊರಗಿನವನು ಬೇಕಾಗಿಲ್ಲ. ಡ್ರಾಯಿಂಗ್ ಓದಬಲ್ಲ, ಎಕ್ಸೆಲ್ ಬರೋ, ಮಷಿನ್‌ಗಳ ಹೆಸರು ಗೊತ್ತಿರೋ ಡಿಪ್ಲೊಮಾದವನು ಒಳಗೇ ಇರ್ತಾನೆ, ಸಾಮಾನ್ಯವಾಗಿ ಸ್ಟೋರ್ಸ್‌ನಲ್ಲಿ. ಅವನನ್ನ ಮೇಲೆ ಕೂರಿಸಿ. ದಿನಾ ಸಂಜೆ ನಾಲ್ಕಕ್ಕೆ ಮಾರನೇ ದಿನದ ಕ್ರಮ ಬೋರ್ಡ್ ಮೇಲೆ ಬರಬೇಕು. ಅದಾದ ಮೇಲೆ ಬದಲಾಯಿಸಬೇಕಾದರೆ ಮಾಲೀಕರ ಸಹಿ ಬೇಕು ಅಂತ ಮಾಡಿ. ಸಹಿ ಕೇಳೋಕೆ ಹೋಗೋವಾಗಲೇ ಅರ್ಧ ‘ಅರ್ಜೆಂಟ್’ ಆವಿಯಾಗುತ್ತೆ.

ಉದ್ಯಮಬಾಗ

ಬೆಳಗಾವ್ಯಾಗೂ ಇದೇ ಕತಿ ಐತ್ರಿ. ಒಂದ್ ಮಾತ್ ಹೇಳ್ತೀನಿ, ಸೆಟ್ಟರ್ ಪ್ಯಾಟ್ಯಾಗ ಸಿಗೂ ಮಾಲ್ ಅಲ್ಲ. ಬಾಜೂ ಶಾಪಿನಾಂವಗ ಮೂರ ಸಾವಿರ ಜಾಸ್ತಿ ಕೊಟ್ಟು ಕರಕೊಂಡ ಬರ್ತೀರಿ, ಆರ ತಿಂಗಳಿಗೆ ಅವನ್ನ ಮತ್ತೊಬ್ಬಾಂವ ಮೂರ ಸಾವಿರ ಜಾಸ್ತಿ ಕೊಟ್ಟು ಕರಕೊಂಡ ಹೊಕ್ಕಾನ. ಊರಾಗಿನ ಪಗಾರ ಏರತೈತಿ, ಸೆಟ್ಟರ್ ಸಂಖ್ಯಾ ಅಷ್ಟ ಇರತೈತಿ.

ಒಬ್ಬನ್ನ ಹೊರಗಿಂದ ತರ್ರಿ, ಬ್ಯಾಡ ಅನ್ನಂಗಿಲ್ಲ. ಎರಡನೇದಾಂವನ್ನ ಒಳಗ ಮಾಡ್ರಿ. ಎರಡ ವರ್ಷ ಮಷಿನ್ ನಡಸಿದ ಆಪರೇಟರ್‌ನ್ಯಾಗ ಸೆಟ್ಟರ್ ಅರ್ಧಾ ಇರ್ತಾನ. ಕಲಸೂ ಕ್ರಮ ಹಿಂಗ: ಮೊದಲ ಇನ್ಸರ್ಟ್ ಬದಲಿ, ವೇರ್ ಆಫ್‌ಸೆಟ್ (ಟೂಲ್ ಸವದಷ್ಟು ಅಳತಿ ತಿದ್ದೂದು). ಆಮ್ಯಾಲ ಟೂಲ್ ಲೆಂತ್ ತಗೋಳೂದು. ಆಮ್ಯಾಲ ವೈಸ್ (ಜಾಬ್ ಬಿಗಿಯಾಗಿ ಹಿಡಿಯೂ ಸಾಧನ) ಡಯಲ್ ಹಿಡದು ನೆಟ್ಟಗ ಮಾಡೂದು, ಜಿ54 (ಜಾಬಿನ ಸೊನ್ನಿ ಬಿಂದು) ತಗೋಳೂದು. ಇಷ್ಟು ಆರೆಂಟ ವಾರದಾಗ ಆಗತೈತಿ. ಅದಾದ ಮ್ಯಾಲ ಸಾಫ್ಟ್ ಜಾ ಬೋರ್ ಮಾಡೂದು. ಇಲ್ಲೇ ಭಾಳ ಮಂದಿ ಎಡವತಾರ. ಜಾಬ್ ಹಿಡಿಯೂ ಒತ್ತಡ ಎಷ್ಟೋ ಅಷ್ಟ ಒತ್ತಡದಾಗ ರಿಂಗ್ ಹಿಡದು ಬೋರ್ ಮಾಡಬೇಕು. ಖಾಲಿ ಜಾ ಬೋರ್ ಮಾಡಿದ್ರ ಹಿಡದ ಮ್ಯಾಲ ಬಾಯಿ ತೆರಕೋತದ, ರನೌಟ್ (ತಿರಗೂವಾಗ ಓಲಾಟ) ಬರತೈತಿ. ಕಡೀಗೆ ಅರ್ಧಕ್ಕ ನಿಂತ ಪ್ರೋಗ್ರಾಂ ಸರಿಯಾದ ಬ್ಲಾಕಿನಿಂದ ಮತ್ತ ಚಾಲೂ ಮಾಡೂದು, ಹೊಸಾ ಡ್ರಾಯಿಂಗ್ ಪ್ರೂವ್ ಮಾಡೂದು.

ಮೂರನೇ ತಿಂಗಳಿಂದ ಅವಗ ರಿಪೀಟ್ ಜಾಬ್ ಅಷ್ಟ ಕೊಡ್ರಿ. ಜಾಬ್‌ವರ್ಕಿನ್ಯಾಗ ರಿಪೀಟ್ ಸೆಟ್ಟಿಂಗ್‌ನ ಜಾಸ್ತಿ ಇರತಾವ. ಹಳೇ ಸೆಟ್ಟರ್ ಕೈ ಹೊಸಾ ಜಾಬಿಗೆ ಖಾಲಿ ಆಗತೈತಿ.

ಹೊಸಬ_ಎಚ್‌ಆರ್

ಆಪರೇಟರ್‌ನ ಮೇಲಕ್ಕೆ ತಗೊಂಡರೆ ಆಪರೇಟರ್ ಜಾಗ ಖಾಲಿ ಆಗುತ್ತಲ್ಲ? 5 ಇದ್ದಿದ್ದು 6 ಆಯ್ತು.

ಲೆಕ್ಕದ_ಪುಸ್ತಕ

ಅದು ಕೆಳಗಿನಿಂದ ತುಂಬಬೇಕಾದ ಜಾಗ, ಅಲ್ಲಿಗೆ ಅಪ್ರೆಂಟಿಸ್ ಬರ್ತಾರೆ. 30 ಜನ ಅಥವಾ ಅದಕ್ಕಿಂತ ಹೆಚ್ಚು ಇರೋ ಸಂಸ್ಥೆಗೆ 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಇದು ಹೇಗೂ ಕಡ್ಡಾಯ: ಒಟ್ಟು ಜನರ 2.5%ರಿಂದ 15%. 68 ಜನಕ್ಕೆ ಕನಿಷ್ಠ 2, ಗರಿಷ್ಠ 10. ಎಣಿಸೋವಾಗ ಕಾಂಟ್ರಾಕ್ಟ್ ಜನರನ್ನೂ ಸೇರಿಸಬೇಕು. ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಸಂಸ್ಥೆ ನೋಂದಾಯಿಸಿ, ಟ್ರೇಡ್‌ವಾರು ಅವಕಾಶ ಹಾಕಿ, ಕರಾರು ಅಲ್ಲೇ ಮಾಡಬೇಕು. ನ್ಯಾಪ್ಸ್ ಅನ್ನೋ ಕೇಂದ್ರದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಕನಿಷ್ಠ ಸ್ಟೈಪೆಂಡ್‌ನ 25%, ತಿಂಗಳಿಗೆ 1,500 ಮೀರದಂತೆ, ಸರ್ಕಾರ ಹುಡುಗನ ಖಾತೆಗೇ ಹಾಕುತ್ತೆ. ಆಧಾರ್ ಜೋಡಣೆ ಆಗದ ಖಾತೆ ಕೊಟ್ಟರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತೆ, ಕರಾರಿಗೆ ಮೊದಲೇ ನೋಡಿಕೊಳ್ಳಿ. ಪಿಎಫ್, ಇಎಸ್‌ಐ ಇಲ್ಲ.

ಕನಿಷ್ಠ ಸ್ಟೈಪೆಂಡ್ ಕೊಟ್ಟು ಕೂತರೆ ಪೀಣ್ಯಕ್ಕೆ ಯಾರೂ ಬರಲ್ಲ. ಲಗ್ಗೆರೆ, ಹೆಗ್ಗನಹಳ್ಳಿ ಕಡೆ ನಾಲ್ಕು ಜನ ಸೇರಿ ಒಂದು ರೂಮು ಮಾಡಿದರೂ ಬಾಡಿಗೆ, ಊಟ, ಊರಿಗೆ ಹೋಗಿ ಬರೋ ಖರ್ಚು ಹುಟ್ಟಬೇಕು. 12,000 ಇಟ್ಟುಕೊಂಡು ಲೆಕ್ಕ ಹಾಕಿ.

ಯಾವಾಗ ಅನ್ನೋದೂ ಮುಖ್ಯ. ಟರ್ನರ್, ಮೆಷಿನಿಸ್ಟ್, ಫಿಟ್ಟರ್ ಇವು ಎರಡು ವರ್ಷದ ಐಟಿಐ ಟ್ರೇಡುಗಳು. ಪರೀಕ್ಷೆ ಮುಗಿದು ಹುಡುಗರು ಹೊರಬರೋದು ಮಳೆಗಾಲದಲ್ಲಿ. ಡಿಸೆಂಬರ್‌ನಲ್ಲಿ ಹುಡುಕೋಕೆ ಹೊರಟರೆ ಉಳಿದಿರೋರು ಬೇರೆಯವರು ಬೇಡ ಅಂದವರು. ಜಿಟಿಟಿಸಿ, ಎನ್‌ಟಿಟಿಎಫ್ ಇಂಥ ಟೂಲ್ ತರಬೇತಿ ಸಂಸ್ಥೆಗಳ ಹುಡುಗರ ಕೈ ಚೆನ್ನಾಗಿರುತ್ತೆ, ಆದರೆ ಅವರನ್ನ ದೊಡ್ಡ ಕಂಪನಿಗಳು ಕ್ಯಾಂಪಸ್‌ನಲ್ಲೇ ಎತ್ತಿಕೊಂಡು ಹೋಗ್ತವೆ. 68 ಜನದ ಶಾಪ್ ಅವರ ಹಿಂದೆ ಓಡೋದು ನನಗೆ ವ್ಯರ್ಥ ಅನ್ನಿಸುತ್ತೆ. ತುಮಕೂರು, ಶಿರಾ, ಮಧುಗಿರಿ ಕಡೆಯ ಐಟಿಐ ಒಂದೆರಡರ ಜೊತೆ ಪ್ರತಿ ವರ್ಷ ಸಂಪರ್ಕ ಇಟ್ಟುಕೊಳ್ಳಿ. ಟ್ರೇನಿಂಗ್ ಆಫೀಸರ್‌ಗೆ ಫೋನ್ ಮಾಡೋದು ಪರೀಕ್ಷೆಗೆ ಮೂರು ತಿಂಗಳು ಮುಂಚೆ, ಫಲಿತಾಂಶ ಬಂದ ಮೇಲಲ್ಲ.

ಕೊನೆಗೆ, ಅಪ್ರೆಂಟಿಸ್‌ನ ಎರಡನೇ ಶಿಫ್ಟ್‌ನಲ್ಲಿ ಒಬ್ಬನೇ ಮಷಿನ್ ಮುಂದೆ ನಿಲ್ಲಿಸಬೇಡಿ. ಅವನು ಕಲಿಯೋಕೆ ಬಂದವನು, ಅಗ್ಗದ ಆಪರೇಟರ್ ಅಲ್ಲ. ಚಕ್ ಕೀ ಚಕ್‌ನಲ್ಲೇ ಬಿಡೋದು, ಗ್ಲೌಸ್ ಹಾಕಿಕೊಂಡು ತಿರುಗೋ ಜಾಬ್ ಹತ್ತಿರ ಕೈ ಹಾಕೋದು, ಇವೆಲ್ಲ ಮೊದಲ ಎರಡು ತಿಂಗಳ ತಪ್ಪುಗಳು.

ಎರಡನೇ_ಹಂತ

ಮೇಡಂ, 6 ಜನದ ದುಡ್ಡು ಅಂದಾಗ ಮಾಲೀಕರು ಸಂಬಳ ಗುಣಿಸಿ ಹೇಳಿದ್ದಾರೆ. ನಿಜವಾದ ಖರ್ಚು ಎಷ್ಟು ಹಿಡಿಯಬೇಕು?

ಲೆಕ್ಕದ_ಪುಸ್ತಕ

ಆಪರೇಟರ್‌ಗೆ ಒಟ್ಟು 18,000, ಅದರಲ್ಲಿ ಬೇಸಿಕ್ ಮತ್ತು ಡಿಎ 15,000 ಅಂತ ಇಟ್ಟುಕೊಳ್ಳಿ.

ಪಿಎಫ್ ಮಾಲೀಕರ ಪಾಲು, ಇಡಿಎಲ್‌ಐ (ಪಿಎಫ್ ಜೊತೆಗಿನ ಜೀವವಿಮೆ) ಮತ್ತು ಆಡಳಿತ ಶುಲ್ಕ ಸೇರಿ 13%: 1,950. ಇಎಸ್‌ಐ 3.25%, ಒಟ್ಟು ಸಂಬಳದ ಮೇಲೆ: 585. ಬೋನಸ್ ಕನಿಷ್ಠ 8.33%: 1,250. ಗ್ರಾಚುಟಿಗೆ ತೆಗೆದಿಡಬೇಕಾದ್ದು, ವರ್ಷಕ್ಕೆ 15 ದಿನದ ಲೆಕ್ಕದಲ್ಲಿ: ಸುಮಾರು 721. ಒಟ್ಟು 4,506. ಅಂದ್ರೆ 18,000ದವನು 22,500. ಯೂನಿಫಾರ್ಮ್, ಸೇಫ್ಟಿ ಶೂ, ಕ್ಯಾಂಟೀನ್ ಇದರ ಮೇಲೆ.

ಇಬ್ಬರು ಅಪ್ರೆಂಟಿಸ್‌ಗೆ 24,000, ಸರ್ಕಾರದ ಪಾಲು 3,000 ಕಳೆದರೆ 21,000. ಒಬ್ಬ ಆಪರೇಟರ್ ಖರ್ಚಿಗೆ ಇಬ್ಬರು, ಕಾಯ್ದೆಯ ಕನಿಷ್ಠವೂ ಮುಗಿಯುತ್ತೆ.

ಸೆಟ್ಟರ್ ವಿಷಯದಲ್ಲಿ ಒಂದು ಕಡೆ ಹುಷಾರು. ಒಳಗಿನವನಿಗೆ 20,500ದಿಂದ 21,500 ಮಾಡಿ ‘ಪ್ರೊಮೋಷನ್’ ಅಂದರೆ ಅವನು ಇಎಸ್‌ಐ ಮಿತಿ 21,000 ದಾಟಿದ. ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್, ಆ ಅವಧಿ ಮುಗಿಯೋವರೆಗೆ ಕಡಿತ ನಡೆಯುತ್ತೆ, ಆಮೇಲೆ ಹೊರಗೆ. ಮನೆಯಲ್ಲಿ ಅಪ್ಪ ಅಮ್ಮನಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಡಯಾಲಿಸಿಸೋ ಇನ್ನೊಂದೋ ನಡೀತಾ ಇದ್ದರೆ, ಸಾವಿರ ರೂಪಾಯಿ ಜಾಸ್ತಿ ಕೊಟ್ಟು ನೀವು ಅವನಿಗೆ ನಷ್ಟ ಮಾಡಿದ ಹಾಗೆ. ಮಿತಿ ದಾಟಿಸೋದಾದರೆ 24,000ದ ಹತ್ತಿರ ಕೊಟ್ಟು, ಗ್ರೂಪ್ ಮೆಡಿಕ್ಲೇಮ್‌ನಲ್ಲಿ ತಂದೆ ತಾಯಿಯನ್ನೂ ಸೇರಿಸಿ ದಾಟಿಸಿ. ಇಲ್ಲದಿದ್ದರೆ ಅವನೇ ‘ಬೇಡ ಸರ್, ಆಪರೇಟರ್ ಆಗಿಯೇ ಇರ್ತೀನಿ’ ಅಂತಾನೆ, ನಿಮಗೆ ಕಾರಣ ಗೊತ್ತಾಗಲ್ಲ.

ಇನ್ನೊಂದು, ಹೊರಗಿನ ಸೆಟ್ಟರ್‌ಗೆ 32,000 ಬರೆದುಕೊಡೋ ಮುಂಚೆ ಒಳಗಿರೋ ಹಳೇ ಸೆಟ್ಟರ್‌ಗಳ ಸಂಬಳ ನೋಡಿ. ಅವರು 26,000ದಲ್ಲಿದ್ದರೆ ಆ ಸುದ್ದಿ ಒಂದು ವಾರದಲ್ಲಿ ಗೇಟಿನ ಟೀ ಅಂಗಡಿಗೆ ಬರುತ್ತೆ. ಒಬ್ಬನ್ನ ತಗೊಂಡು ಇಬ್ಬರನ್ನ ಕಳಕೊಳ್ತೀರಿ. ಹಳಬರನ್ನ ಸರಿಮಾಡೋಕೆ ಬೇಕಾದ ದುಡ್ಡನ್ನ ಈ 6ರ ಬಜೆಟ್‌ನಿಂದಲೇ ಮೊದಲು ತೆಗೆದಿಡಿ. ಮಾಲೀಕರಿಗೆ ಅದು ನೇಮಕಾತಿ ಖರ್ಚಾಗಿ ಕಾಣಲ್ಲ, ಆದರೆ ಅದೇ ಮೊದಲ ನೇಮಕಾತಿ.

ಉದ್ಯಮಬಾಗ

ಮೇಡಂ ಹೇಳಿದ್ದು ಖರೇ ಐತಿ. ದೀಪಾವಳಿ ಬೋನಸ್ ಕೈಗೆ ಬಂದ ಮ್ಯಾಲ ಬಿಡೂ ಮಂದೀನ ಜಾಸ್ತಿ. ಪಗಾರ ಹೆಚ್ಚ ಮಾಡೂದು ಏಪ್ರಿಲ್‌ಕ ಅಂತ ಕುಂತ್ರ ಆಗಂಗಿಲ್ಲ, ಬೋನಸ್ ಕೊಡೂ ಮುಂಚೆ ಪತ್ರ ಕೈಯಾಗ ಇಡ್ರಿ. ಹೋಗೂ ವಿಚಾರದಾಗ ಇದ್ದಾಂವ ಅರ್ಧಾ ನಿಂದರತಾನ.

ಗಾಲಿಪೆಟ್ಟಿ

ಎಲ್ಲರೂ ಶಾಪ್‌ಫ್ಲೋರ್ ಹಿಡಿದುಕೊಂಡಿದ್ದೀರಿ. ಮಾರ್ಕೆಟಿಂಗ್ ಇಂಜಿನಿಯರ್ ಜಾಗ? ಈ ಗಾತ್ರದ ಶಾಪ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವ್ಯವಹಾರ ಒಂದೇ ಕಸ್ಟಮರ್ ಮೇಲೆ ನಿಂತಿರುತ್ತೆ. ಅವರು ಶೆಡ್ಯೂಲ್ ಕಡಿತ ಮಾಡಿದ ದಿನ ನಿಮ್ಮ ಹಾಳೆಯಲ್ಲಿ ಒಂದು ‘ಸೆ’ಯೂ ಇರಲ್ಲ, ಆರ್ಡರೂ ಇರಲ್ಲ. ಗಂಟೆ ಲೆಕ್ಕ ಇವತ್ತಿನದನ್ನ ಹೇಳುತ್ತೆ, ಮುಂದಿನ ವರ್ಷದ್ದನ್ನ ಹೇಳಲ್ಲ.

ಸ್ಪಿಂಡಲ್_ರಾವ್

ಇರೋ ಆರ್ಡರೇ ಟೈಮಿಗೆ ಹೋಗ್ತಾ ಇಲ್ಲ. ಈಗ ಹೊಸ ಕಸ್ಟಮರ್ ತಂದರೆ ಮೊದಲ ಲಾಟ್‌ನಲ್ಲೇ ಲೇಟು ಅನ್ನಿಸಿಕೊಂಡು ಹೆಸರು ಕೆಡಿಸಿಕೊಳ್ತಾರೆ. ಆರು ತಿಂಗಳು ತಡೀಲಿ.

ಗಾಲಿಪೆಟ್ಟಿ

ಆರು ತಿಂಗಳು ತಡೆದು ಆಮೇಲೆ ಹುಡುಕೋಕೆ ಶುರು ಮಾಡಿದರೆ? ಒಳ್ಳೆಯವರಿಗೆ ಮೂರು ತಿಂಗಳ ನೋಟಿಸ್ ಇರುತ್ತೆ. ಬಂದ ಮೇಲೆ ವೆಂಡರ್ ರಿಜಿಸ್ಟ್ರೇಷನ್, ಆಡಿಟ್, ಸ್ಯಾಂಪಲ್, ಪಿಪಿಎಪಿ (ಬಿಡಿಭಾಗಕ್ಕೆ ಕಸ್ಟಮರ್ ಕೊಡೋ ಒಪ್ಪಿಗೆ) ಎಲ್ಲಾ ಮುಗಿದು ಮೊದಲ ಬಿಲ್ ಹೊರಡೋಕೆ ಇನ್ನೊಂದು ಆರೇಳು ತಿಂಗಳು. ಎಷ್ಟು ಮುಖ್ಯ ಅನ್ನೋದು ಒಂದು ಕಾಲಂ, ಎಷ್ಟು ಬೇಗ ಹುಡುಕೋಕೆ ಶುರು ಮಾಡಬೇಕು ಅನ್ನೋದು ಇನ್ನೊಂದು ಕಾಲಂ. ಎರಡನ್ನೂ ಒಂದೇ ಸಂಖ್ಯೆ ಮಾಡಿ ಪಟ್ಟಿ ಹಾಕೋದರಿಂದಲೇ ಎಡವಟ್ಟು. ಆಪರೇಟರ್ ಇವತ್ತು ಫೋನ್ ಮಾಡಿದರೆ ಸೋಮವಾರ ಬರ್ತಾನೆ. ಸೆಟ್ಟರ್‌ಗೆ ತಿಂಗಳು, ಸಿಎಂಎಂ ಬಲ್ಲವರಿಗೆ ಎರಡು ತಿಂಗಳು ಹಿಡಿಯಿರಿ. ಈ ಜಾಗಕ್ಕೆ ಈಗ ಹುಡುಕಾಟ, ದುಡ್ಡು ಮುಂದಿನ ಮೂರು ತಿಂಗಳದ್ದು.

ಸ್ಪಿಂಡಲ್_ರಾವ್

ಎರಡು ಕಾಲಂ ಒಪ್ಪಿದೆ. ಈ 6ರೊಳಗೆ ಬೇಡ ಅನ್ನೋದು ಬಿಡಲ್ಲ.

ಎಲೆಕ್ಟ್ರಿಷಿಯನ್‌ನೂ ಬಿಡಿ. ‘ಬ’ 52 ಗಂಟೆ, ಅದರಲ್ಲೂ ಡ್ರೈವ್, ಸ್ಪಿಂಡಲ್ ತೊಂದರೆ ಬಂದರೆ ಹೇಗೂ ಮಷಿನ್ ಕಂಪನಿಯವರೇ ಬರಬೇಕು. ಕೂಲಂಟ್ ಪಂಪು, ಲಿಮಿಟ್ ಸ್ವಿಚ್, ಲೂಬ್ರಿಕೇಷನ್ ಅಲಾರಂಗೆ ಕರೆದರೆ ಬರೋ ಎಲೆಕ್ಟ್ರಿಷಿಯನ್ ಜೊತೆ ತಿಂಗಳ ಲೆಕ್ಕ ಮಾಡಿಕೊಳ್ಳಿ. ಪರ್ಚೇಸ್‌ಗೂ ಬೇರೆ ಜನ ಬೇಡ. ‘ಮ’ 97ರಲ್ಲಿ ಬಹುಪಾಲು ಇನ್ಸರ್ಟ್, ಟ್ಯಾಪ್ ಮುಗಿದ ಮೇಲೆ ಆರ್ಡರ್ ಹಾಕಿದ್ದೇ ಇರುತ್ತೆ. ಪ್ರತಿ ಬಿನ್‌ನಲ್ಲಿ ಕೊನೆಯ ಪ್ಯಾಕೆಟ್‌ಗೆ ಕೆಂಪು ಕಾರ್ಡು ಕಟ್ಟಿ. ಅದು ಬಿಚ್ಚಿದ ದಿನ ಕಾರ್ಡು ಆಫೀಸಿಗೆ ಬರಲಿ.

ಹೊಸಬ_ಎಚ್‌ಆರ್

ಸೆಟ್ಟರ್ ಇಂಟರ್‌ವ್ಯೂನಲ್ಲಿ ಏನು ಕೇಳ್ತೀರಿ? ಬಯೋಡೇಟಾದಲ್ಲಿ ಎಲ್ಲರೂ ‘ಫ್ಯಾನಕ್, ಸೀಮೆನ್ಸ್ ಕಂಟ್ರೋಲ್ ಗೊತ್ತು’ ಅಂತಲೇ ಬರೆದಿರ್ತಾರೆ.

ಪ್ಲಗ್‌ಗೇಜ್

ಕೇಳೋದು ಕಡಿಮೆ, ಮಾಡಿಸೋದು ಜಾಸ್ತಿ. 90 ನಿಮಿಷ, ಒಂದು ವಿಎಂಸಿ. 80×60×25ರ ಅಲ್ಯೂಮಿನಿಯಂ ಬ್ಲಾಕ್, ಒಂದು ಎಂ10×1.5 ಟ್ಯಾಪ್ (ರಂಧ್ರದೊಳಗೆ ಥ್ರೆಡ್), ಒಂದು 12ಎಚ್7 ರೀಮ್ (12 ಮಿ.ಮೀ. ರಂಧ್ರದ ನಿಖರ ಫಿನಿಷ್). ವೈಸ್‌ನ ನಾವೇ ಸ್ವಲ್ಪ ಓರೆ ಮಾಡಿ ಇಟ್ಟಿರಬೇಕು. 100 ಮಿ.ಮೀ.ಗೆ 0.02ರೊಳಗೆ ಡಯಲ್ ಹಿಡಿದು ತರ್ತಾನಾ ನೋಡಿ. ಎಡ್ಜ್ ಫೈಂಡರ್‌ನಲ್ಲಿ ಜಿ54 ತಗೊಳ್ಳೋವಾಗ ಅದರ ಅರ್ಧ ವ್ಯಾಸ ಕಳೆಯೋದು ನೆನಪಿರುತ್ತಾ ನೋಡಿ.

ಪ್ರೋಗ್ರಾಂನಲ್ಲಿ ಎರಡು ತಪ್ಪು ಬೇಕಂತಲೇ ಇಟ್ಟಿರಿ. ಒಂದು, ಟಿ3 ಕರೆದು ಜಿ43 ಎಚ್2 ಅಂತ (3ನೇ ಟೂಲ್‌ಗೆ 2ನೇ ಟೂಲಿನ ಉದ್ದ). ಇನ್ನೊಂದು, ಟ್ಯಾಪ್‌ಗೆ ಎಸ್400 (ನಿಮಿಷಕ್ಕೆ ಸುತ್ತು), ಎಫ್400 (ನಿಮಿಷಕ್ಕೆ ಮಿ.ಮೀ.) ಅಂತ. ಪಿಚ್ 1.5 ಇದ್ದಾಗ ಎಫ್600 ಇರಬೇಕು, ಇಲ್ಲದಿದ್ದರೆ ಟ್ಯಾಪ್ ಮುರಿಯುತ್ತೆ. ಒಳ್ಳೆ ಸೆಟ್ಟರ್ ಸೈಕಲ್ ಸ್ಟಾರ್ಟ್‌ಗೆ ಮುಂಚೆ ಪ್ರೋಗ್ರಾಂ ಒಂದು ಸಲ ಮೇಲಿಂದ ಕೆಳಗೆ ಓದ್ತಾನೆ. ಆಮೇಲೆ ಸಿಂಗಲ್ ಬ್ಲಾಕ್ ಒತ್ತಿ, ರ‍್ಯಾಪಿಡ್ 25%ಗೆ ಇಳಿಸಿ, ಕೈ ಫೀಡ್ ಹೋಲ್ಡ್ (ಚಲನೆ ನಿಲ್ಲಿಸೋ ಬಟನ್) ಮೇಲೆ ಇಟ್ಟುಕೊಂಡು ‘ಡಿಸ್ಟೆನ್ಸ್ ಟು ಗೋ’ (ಇನ್ನೆಷ್ಟು ದೂರ ಹೋಗಬೇಕು) ನೋಡ್ತಾ ಟೂಲ್ ಇಳಿಸ್ತಾನೆ. ನೂರಕ್ಕೆ 40 ಮಾರ್ಕ್ಸ್ ನಾನು ಈ ಒಂದಕ್ಕೇ ಇಡ್ತೀನಿ. ಬೇಗ ಮುಗಿಸಿದವನಿಗೆ ಜಾಸ್ತಿ ಮಾರ್ಕ್ಸ್ ಇಲ್ಲ. ಒಂದು ಸ್ಪಿಂಡಲ್ ಹೊಡೆದರೆ ಉಳಿಸಿದ ನಿಮಿಷಗಳೆಲ್ಲ ಒಟ್ಟಿಗೆ ಹೋಗುತ್ತೆ. ನಮ್ಮವರು ಒಬ್ಬರು ಎಮರ್ಜೆನ್ಸಿ ಸ್ವಿಚ್ ಪಕ್ಕದಲ್ಲೇ ನಿಂತಿರಬೇಕು. ಅರ್ಧ ದಿನದ ಕೂಲಿ, ಊಟ ಕೊಟ್ಟೇ ಕಳಿಸಿ.

ಆಪರೇಟರ್‌ಗೆ 15 ನಿಮಿಷ ಸಾಕು. ಝೀರೋ ಎರರ್ ಇರೋ ಮೈಕ್ರೋಮೀಟರ್ ಕೈಗೆ ಕೊಡಿ, ಮೊದಲು ಮುಚ್ಚಿ ನೋಡ್ತಾನಾ ಅಂತ ಗಮನಿಸಿ. ಆಮೇಲೆ ಒಂದೇ ಪ್ರಶ್ನೆ: ಡ್ರಾಯಿಂಗ್‌ನಲ್ಲಿ ಹೊರ ವ್ಯಾಸ 25, ಮೇಲಿನ ಮಿತಿ 0, ಕೆಳಗಿನ ಮಿತಿ ಮೈನಸ್ 0.02. ಅಳತೆ 25.03 ಬಂತು. ಎಕ್ಸ್ ವೇರ್ ಆಫ್‌ಸೆಟ್‌ಗೆ ಎಷ್ಟು? ಮೈನಸ್ 0.04 ಅಂದರೆ ಮಧ್ಯಕ್ಕೆ ತರೋದು ಗೊತ್ತು ಅಂತ. ಮೈನಸ್ 0.03 ಅಂದರೆ ಮೇಲಿನ ಅಂಚಿಗೆ ತಂದು ನಿಲ್ಲಿಸ್ತಾನೆ, ಮುಂದಿನ ಹತ್ತು ಪೀಸಲ್ಲಿ ಇನ್ಸರ್ಟ್ ಸವೆದು ಹೊರಗೆ ಹೋಗುತ್ತೆ. ಮೈನಸ್ 0.015 ಅಂದವನು ಡಯಾ, ತ್ರಿಜ್ಯ ಗೊಂದಲದಲ್ಲಿದ್ದಾನೆ, ಕಲಿಸಬಹುದು. ಪ್ಲಸ್ ಅಂದವನಿಗೆ ಟೀ ಕೊಟ್ಟು ಕಳಿಸಿ.

ಲೆಕ್ಕದ_ಪುಸ್ತಕ

ಹುಡುಕೋ ದಾರಿ ಬಗ್ಗೆ ಚಿಕ್ಕದಾಗಿ. ಗೇಟಿನ ಬೋರ್ಡಲ್ಲಿ ‘ಆಕರ್ಷಕ ವೇತನ’ ಅಂತ ಬರೀಬೇಡಿ, ಯಾರೂ ಫೋನ್ ಮಾಡಲ್ಲ. ಹೀಗೆ ಬರೀರಿ: ‘ಸಿಎನ್‌ಸಿ ಆಪರೇಟರ್, 2 ವರ್ಷ ಅನುಭವ. ಕೈಗೆ 16,000. ಪಿಎಫ್, ಇಎಸ್‌ಐ ಇದೆ. ಓಟಿ ಡಬಲ್. ಸಂಬಳ 7ನೇ ತಾರೀಕು. ಪೀಣ್ಯ ಇಂಡಸ್ಟ್ರಿ ಮೆಟ್ರೋದಿಂದ 10 ನಿಮಿಷ.’ ಸಂಬಳದ ತಾರೀಕು ಬರೆದರೆ ಅರ್ಧ ನಂಬಿಕೆ ಅಲ್ಲೇ ಹುಟ್ಟುತ್ತೆ.

ಒಳಗಿನವರು ಕರೆತಂದರೆ 3,000 ಕೊಡಿ. ಸೇರಿದ ದಿನ 500, ಮೂರು ತಿಂಗಳಿಗೆ 1,000, ಆರು ತಿಂಗಳಿಗೆ ಉಳಿದಿದ್ದು. ಮೊದಲೇ ಪೂರ್ತಿ ಕೊಟ್ಟರೆ ಹತ್ತು ದಿನದ ಅತಿಥಿಗಳು ಬರ್ತಾರೆ. ಒಂದೇ ಊರಿನವರನ್ನ ಒಂದೇ ಶಿಫ್ಟ್‌ಗೆ ಹಾಕಬೇಡಿ. ಊರ ಜಾತ್ರೆಗೆ ಶಿಫ್ಟೇ ರಜೆ ಹಾಕುತ್ತೆ. ಆಫರ್ ಮಾತಲ್ಲಿ ಬೇಡ, ಎಲ್ಲರಿಗೂ ನೇಮಕಾತಿ ಪತ್ರ ಕೊಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಅದು ಕಡ್ಡಾಯ.

ಎರಡನೇ_ಹಂತ

ಮಾಲೀಕರ ಮುಂದೆ ಇಟ್ಟಿದ್ದು ಹೀಗೆ:

ಹಳೇ ಸೆಟ್ಟರ್ 4 ಜನರ ಸಂಬಳ ತಿದ್ದುಪಡಿ, ಬೋನಸ್‌ಗೆ ಮುಂಚೆ. ಇದಕ್ಕೆ ಒಂದು ಜಾಗದ ದುಡ್ಡು ಹೋಯ್ತು. ಹೊರಗಿನಿಂದ ವಿಎಂಸಿ ಸೆಟ್ಟರ್ 1. ಎರಡನೇ ಶಿಫ್ಟ್‌ಗೆ ಇನ್‌ಸ್ಪೆಕ್ಟರ್ 1. ಆಪರೇಟರ್ 1. ಅಪ್ರೆಂಟಿಸ್ 2, ಒಬ್ಬರ ದುಡ್ಡಲ್ಲಿ. ಸ್ಟೋರ್ಸ್‌ನ ಡಿಪ್ಲೊಮಾ ಹುಡುಗ ಪ್ಲಾನಿಂಗ್‌ಗೆ, ಅವನ ಜಾಗಕ್ಕೆ ಹೆಲ್ಪರ್ 1. ಒಟ್ಟು ಆರು. ಒಬ್ಬ ಆಪರೇಟರ್‌ನ ಸೆಟ್ಟರ್ ಕಲಿಕೆಗೆ ಹಾಕ್ತೀವಿ. ಮಾರ್ಕೆಟಿಂಗ್‌ಗೆ ಹುಡುಕಾಟ ಮಾತ್ರ. ಉಳಿದಿದ್ದು ಪಟ್ಟಿಯಿಂದ ಹೊರಗೆ. ಮೂರು ತಿಂಗಳಾದ ಮೇಲೆ ಮತ್ತೆ 12 ದಿನ ಹಾಳೆ.

ಒಪ್ಪಿದ್ದಾರೆ. ಒಂದೇ ಅಡ್ಡಿ: ಹಳೇ ಸೆಟ್ಟರ್ ಕಲಿಸೋಕೆ ತಯಾರಿಲ್ಲ. ‘ನಾನು ಕಲಿಸಿದರೆ ನನ್ನನ್ನೇ ತೆಗೀತಾರೆ’ ಅಂತಾನೆ.

ಉದ್ಯಮಬಾಗ

ಅಂವ ಹೇಳೂದ್ರಾಗ ತಪ್ಪಿಲ್ರಿ, ಭಾಳ ಕಡೆ ಹಂಗ ಮಾಡ್ಯಾರ. ಅವನ್ನ ಸೆಟ್ಟಿಂಗ್ ಇನ್‌ಚಾರ್ಜ್ ಅಂತ ಮಾಡಿ ಪತ್ರ ಮೊದಲ ಕೊಡ್ರಿ, ಹುಡುಗನ್ನ ಆಮ್ಯಾಲ ಕಳಸ್ರಿ. ಕಲಸೂ ಭತ್ಯಾ ತಿಂಗಳಾ ಕೊಡಬ್ಯಾಡ್ರಿ, ಕಲಸೂದು ಮುಗಿಯಂಗಿಲ್ಲ. ಹುಡುಗ ಒಬ್ಬನ ಸಾಫ್ಟ್ ಜಾ ಬೋರ್ ಮಾಡಿ, ಜಾಬ್ ಹಿಡದು, ಡಯಲ್ ಹಚ್ಚಿ 0.02ರ ಒಳಗ ತೋರಿಸಿದ ದಿನ 5,000. ಒಬ್ಬನ ಹೊಸಾ ಡ್ರಾಯಿಂಗ್ ಪ್ರೂವ್ ಮಾಡಿದ ದಿನ ಇನ್ನೊಂದ 5,000. ಡಯಲ್ ನೋಡಾಂವ ಮಾತ್ರ ಕ್ವಾಲಿಟಿಯಾಂವ ಇರಲಿ.